ಸಕ್ರೆಬೈಲಿಗೆ ಬಂದರೆ ನಿಲ್ಲುವ ಯೆಜ್ಡಿ!

ಆನೆ ವಾಸನೆಗೆ ಹೆದರಿತೋ, ಬೇರೇನಾದರೂ ಉಂಟೋ?

ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿ ಹಿಡಿದು 14 ಕಿಲೋಮೀಟರ್ ಹೋದರೆ ಸಕ್ರೆಬೈಲು. ಪಕ್ಕದಲ್ಲಿ ಗಾಜನೂರು ಅಣೆಕಟ್ಟಿನ ಹಿನ್ನೀರು, ಆಚೆಗೆ ಕಾಡು, ರಸ್ತೆ ಬದಿಗೇ ಆನೆ ಬಿಡಾರ. ಬೆಳಗಿನ ಹೊತ್ತು ಮಾವುತರು, ಕಾವಾಡಿಗಳು ಆನೆಗಳನ್ನು ತುಂಗೆಗೆ ಇಳಿಸಿ ಮೈ ಉಜ್ಜುತ್ತಾರೆ. ನೋಡುವುದಕ್ಕೆ ಊರೂರಿನಿಂದ ಜನ. ಇದೇ ಜಾಗದಲ್ಲಿ ಆನೆಯ ಜತೆ ಇನ್ನೊಂದು ನೋಟವೂ ಜನಕ್ಕೆ ಪುಕ್ಕಟೆ ಸಿಗುತ್ತಿತ್ತು. ಬೆನ್ನಿಗೆ ಸಾಮಾನಿನ ಚೀಲ ಕಟ್ಟಿಕೊಂಡ ಒಂದು ಹಳೇ ಯೆಜ್ಡಿ ಮೋಟಾರ್ ಸೈಕಲ್ಲು, ಅದರ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ ಕಿಕ್ ಹೊಡೆಯುವ ಅದರ ಯಜಮಾನ.

ಈ ಯಜಮಾನರದ್ದು ಮಂಡಗದ್ದೆ ಕಡೆ ಒಂದು ಸಣ್ಣ ಕಿರಾಣಿ ಅಂಗಡಿ. ವಾರಕ್ಕೆರಡು ಸಲ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಬೇಳೆ, ಬೆಲ್ಲ, ಬೀಡಿ, ಸೋಪು ತರಬೇಕು. ಗಾಡಿ ಇವರ ಅಪ್ಪನದು. ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ ಕಾಲದ್ದು. ಮಗ ಅದನ್ನು ಮಾರಲಿಲ್ಲ, ಮೂಲೆಗೂ ತಳ್ಳಲಿಲ್ಲ, ದುಡಿಸಿಕೊಂಡೇ ಬಂದರು.

ಆದರೆ ಒಂದು ಮಳೆಗಾಲ ಮುಗಿದ ಮೇಲೆ ಗಾಡಿಗೆ ವಿಚಿತ್ರ ಕಾಯಿಲೆ ಹತ್ತಿತು. ಶಿವಮೊಗ್ಗದಿಂದ ಬರುವಾಗ ಸಕ್ರೆಬೈಲಿನಲ್ಲಿ ನಿಲ್ಲುತ್ತದೆ. ಹೋಗುವಾಗಲೂ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ, ಏನೂ ಆಗದವರ ಹಾಗೆ ಡುಬ್ ಡುಬ್ ಅಂತ ಎದ್ದು ಹೊರಡುತ್ತದೆ!

ಜನರ ಬಾಯಿಗೆ ಬೀಗ ಉಂಟೇ? "ಆನೆ ವಾಸನೆ ಹೊಡೆದರೆ ಗಾಡಿಗೂ ಭಯ ಕಣ್ರೀ" ಅಂದರು ಒಬ್ಬರು. "ಆ ತಿರುವಿನಲ್ಲಿ ಏನೋ ಇದೆ, ಒಂದು ನಿಂಬೆಹಣ್ಣು ಕಟ್ಟಿ" ಅಂದರು ಇನ್ನೊಬ್ಬರು. ನಿಂಬೆಹಣ್ಣೂ ಕಟ್ಟಿದ್ದಾಯಿತು. ಗಾಡಿ ನಿಂತಿತು, ನಿಂಬೆಹಣ್ಣು ಒಣಗಿತು.

ಮೂರು ಅಂಗಡಿ, ಮೂರು ಬಿಲ್ಲು

ಮೊದಲನೇ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಎರಡನೆಯವನು ಕಾರ್ಬೊರೇಟರ್ ದೋಷ ಅಂತ ಹೇಳಿ ಅದನ್ನೇ ಬೇರೆ ಹಾಕಿದ. ಮೂರನೆಯವನು ಇಗ್ನಿಷನ್ ಕಾಯಿಲ್ ಬದಲಿಸಿ, ವೈರಿಂಗ್ ಪೂರಾ ಹೊಸದು ಮಾಡಿ ಉದ್ದನೆಯ ಬಿಲ್ಲು ಕೊಟ್ಟ. ಮೂವರ ಅಂಗಡಿ ಮುಂದೆಯೂ ಗಾಡಿ ಒಂದೇ ಕಿಕ್ಕಿಗೆ ಚಾಲೂ! "ನೋಡಿ ಸಾರ್, ಪಕ್ಕಾ ಆಯ್ತು" ಅಂತ ಕಳಿಸಿದರು. ಪಕ್ಕಾ ಆಗಿದ್ದು ಸಕ್ರೆಬೈಲಿನವರೆಗೆ ಮಾತ್ರ.

ಒಂದು ಸಂಜೆ ಹೆಂಡತಿಯನ್ನೂ ಕೂರಿಸಿಕೊಂಡು ಬರುತ್ತಿದ್ದಾಗ ಗಾಡಿ ನಿಂತಿತು. ಕತ್ತಲಾಗುವ ಹೊತ್ತು, ಸುತ್ತ ಕಾಡು, ಮೇಲೆ ಜಿಟಿಜಿಟಿ ಮಳೆ. ಹೆಂಡತಿ ಬಸ್ಸು ಹತ್ತಿ ಊರಿಗೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಮಗನದು ಒಂದೇ ಮಾತು: "ಅಪ್ಪಾಜಿ, ಸಾಕು. ಗುಜರಿಗೆ ಹಾಕಿಬಿಡಿ." ಗುಜರಿಯವನೂ ಬಂದು ತೂಕದ ಲೆಕ್ಕದಲ್ಲಿ ಒಂದು ಬೆಲೆ ಹೇಳಿ, "ಸೋಮವಾರ ಬರ್ತೀನಿ" ಅಂತ ಹೋದ. ಅಪ್ಪ ಐದು ವರ್ಷ ಸಂಬಳದಲ್ಲಿ ಉಳಿಸಿ ತಂದ ಗಾಡಿ ಕಿಲೋ ಲೆಕ್ಕಕ್ಕೆ ಬಂದಿತ್ತು.

ನಾಲ್ಕನೆಯ ಮೇಸ್ತ್ರಿ

ಸೋಮವಾರಕ್ಕೆ ಮುಂಚೆ ಕೊನೆಯದಾಗಿ ಒಂದು ಸಲ ಅಂತ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದರು. ಅವರು ಸ್ಪಾನರ್ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು. ಎಷ್ಟು ದೂರಕ್ಕೆ ನಿಲ್ಲುತ್ತೆ? ಮುಲುಗಿ ನಿಲ್ಲುತ್ತೋ, ಥಟ್ಟನೆ ನಿಲ್ಲುತ್ತೋ? ಎಷ್ಟು ಹೊತ್ತಿಗೆ ಮತ್ತೆ ಎದ್ದೇಳುತ್ತೆ?

"ಸಾಹುಕಾರ್ರೆ, ಶಿವಮೊಗ್ಗದಿಂದ ಸಕ್ರೆಬೈಲಿಗೆ 14 ಕಿಲೋಮೀಟರ್. ಮಂಡಗದ್ದೆಯಿಂದಲೂ ಹತ್ತಿರ ಹತ್ತಿರ ಅಷ್ಟೇ. ಎರಡೂ ಕಡೆಯಿಂದ ಬಂದರೂ ಗಾಡಿ ಪೂರ್ತಿ ಕಾಯೋದು ಅಲ್ಲೇ. ಇದು ಜಾಗದ ದೋಷ ಅಲ್ಲ, ಕಾವಿನ ದೋಷ. ತಣ್ಣಗಿರೋ ಗಾಡೀನ ಅಂಗಡಿಯಲ್ಲಿ ನೋಡಿದರೆ ಬ್ರಹ್ಮನಿಗೂ ಗೊತ್ತಾಗಲ್ಲ. ನಡೀರಿ, ನಾನೂ ಬರ್ತೀನಿ."

ಪ್ಲಗ್ ಸ್ಪಾನರ್, ಸ್ಕ್ರೂಡ್ರೈವರ್, ಒಂದು ಒಳ್ಳೇ ಪ್ಲಗ್, ಒಂದು ಕಂಡೆನ್ಸರ್, ಎರಡು ತುಂಡು ವೈರು. ಇಷ್ಟನ್ನು ಕೈಚೀಲದಲ್ಲಿ ಹಾಕಿಕೊಂಡು ಮೇಸ್ತ್ರಿ ಹಿಂದೆ ಕೂತರು. ಸಕ್ರೆಬೈಲು ಬಂತು. ಗಾಡಿ ತಪ್ಪದೆ ನಿಂತಿತು.

ಯಜಮಾನರು ಕಿಕ್ಕಿಗೆ ಕಾಲೆತ್ತಿದರು. ಮೇಸ್ತ್ರಿ ತಡೆದರು. "ಈಗ ತಣ್ಣಗಾಗೋಕೆ ಬಿಡಬಾರದು. ಕಳ್ಳ ಮನೆಯಲ್ಲಿರುವಾಗಲೇ ಹಿಡೀಬೇಕು."

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರು. ಮುಚ್ಚಳದ ಗಾಳಿತೂತು ಕಟ್ಟಿಕೊಂಡಿದ್ದರೆ ಒಳಗೆ ಗಾಳಿ ಎಳೆಯುವ ಸದ್ದಾಗುತ್ತದೆ. ಪೆಟ್ರೋಲ್ ಕೆಳಗಿಳಿಯದೆ ಗಾಡಿ ಹೀಗೇ ನಿಲ್ಲುತ್ತದೆ. ಸದ್ದಿಲ್ಲ. ಕಾರ್ಬೊರೇಟರಿಗೆ ಬರುವ ಪೈಪು ಕಿತ್ತು ನೋಡಿದರು, ಧಾರೆ ಚೆನ್ನಾಗಿದೆ. ಹಾಗಾದರೆ ಪೆಟ್ರೋಲಿನ ಕೇಸ್ ಖುಲಾಸೆ. ಪೈಪು ಸಿಕ್ಕಿಸಿ, ಕಾಕ್ ಮುಚ್ಚಿ, ಚೆಲ್ಲಿದ್ದನ್ನು ಒರೆಸಿದರು.

ಆಮೇಲೆ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರಕ್ಕೆ ಎಂಜಿನ್ನಿನ ರೆಕ್ಕೆಗೆ ಒತ್ತಿಹಿಡಿದು ಕಿಕ್ ಹೊಡೆಸಿದರು. ದಪ್ಪಗೆ, ನೀಲಿಯಾಗಿ, ಚಟ್ ಅಂತ ಬರಬೇಕಾದ ಕಿಡಿ ಹಳದಿಯಾಗಿ ನೂಲಿನ ಹಾಗೆ ಬಂತು. ಹೊಸ ಪ್ಲಗ್ ಹಿಡಿದರೂ ಅದೇ ಕತೆ. ಬಲಗಡೆಯ ಕವರ್ ಬಿಚ್ಚಿದರು. ಒಳಗೆ ಡೈನಮೋ, ಅದರಲ್ಲೇ ಪಾಯಿಂಟು. ಕಿಕ್ ಹೊಡೆದಾಗ ಪ್ಲಗ್ಗಿನಲ್ಲಿ ಬರಬೇಕಾದ ಬೆಂಕಿ ಪಾಯಿಂಟಿನಲ್ಲಿ ಚಟಪಟ ಅನ್ನುತ್ತಿತ್ತು. ಪಾಯಿಂಟಿನ ಮುಖ ಸುಟ್ಟು ಕಪ್ಪಾಗಿತ್ತು.

"ಸಿಕ್ಕಿಬಿದ್ದ" ಅಂದರು ಮೇಸ್ತ್ರಿ. ಪಾಯಿಂಟನ್ನು ತಿಕ್ಕಿ, ಹಳೇ ಕಂಡೆನ್ಸರಿನ ವೈರು ಬಿಡಿಸಿ, ಚೀಲದಲ್ಲಿದ್ದದ್ದನ್ನು ಸೇರಿಸಿದರು. ಎಂಜಿನ್ ಇನ್ನೂ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಒಂದೇ ಕಿಕ್ಕು. ಡುಬ್ ಡುಬ್ ಡುಬ್!

ಹೆಬ್ಬೆರಳಿನಷ್ಟು ಸಾಮಾನು

ಕಂಡೆನ್ಸರ್ ಅಂದರೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಒಂದು ಡಬ್ಬಿ. ಅದರ ಕೆಲಸ ಏನು? ಬ್ಯಾಟರಿಯಲ್ಲಿರುವುದು 6 ವೋಲ್ಟು. ಪ್ಲಗ್ಗಿನಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟು ಬೇಕು. ಪಾಯಿಂಟು ಮುಚ್ಚಿದಾಗ ಕಾಯಿಲಿನಲ್ಲಿ ಕರೆಂಟು ಹರಿಯುತ್ತದೆ. ತೆರೆದಾಗ ಥಟ್ಟನೆ ಕಡಿಯುತ್ತದೆ. ಹರಿಯುವ ನೀರಿಗೆ ಒಮ್ಮೆಲೇ ತೂಬು ಹಾಕಿದರೆ ನೀರು ಹೇಗೆ ಗುದ್ದುತ್ತದೋ, ಹಾಗೆ ಆ ಕಡಿತದ ಗುದ್ದಿಗೆ ಕಾಯಿಲಿನಲ್ಲಿ ಭಾರೀ ವೋಲ್ಟೇಜು ಹುಟ್ಟುತ್ತದೆ. ಕಡಿತ ಥಟ್ಟನೆ ಆಗುವಂತೆ ನೋಡಿಕೊಳ್ಳುವುದು ಕಂಡೆನ್ಸರ್. ಅದು ಕೆಟ್ಟರೆ ಕರೆಂಟು ಪಾಯಿಂಟಿನ ಬಾಯಲ್ಲೇ ಕಿಡಿಯಾಗಿ ಸೋರಿಹೋಗುತ್ತದೆ, ಪ್ಲಗ್ಗಿಗೆ ಉಳಿಯುವುದು ಚಿಲ್ಲರೆ. ಕೆಲವು ಕಂಡೆನ್ಸರು ತಣ್ಣಗಿದ್ದಾಗ ಸರಿ ಇದ್ದು, ಕಾದಾಗ ಮಾತ್ರ ಕೈಕೊಡುತ್ತವೆ. ಕಾಯಿಲೂ ಹೀಗೆ ಮಾಡುವುದುಂಟು. ಆದರೆ ಇಲ್ಲಿ ಕಾಯಿಲು ಹೊಸದಾಗಿತ್ತು. ಪಾಯಿಂಟಿನ ಸುಟ್ಟ ಮುಖವೇ ಸಾಕ್ಷಿ ಹೇಳಿತು.

ಮೂರು ಬಿಲ್ಲಿನ ಹಣದಲ್ಲಿ ಇಂಥ ಕಂಡೆನ್ಸರು ಒಂದು ಡಜನ್ನಿಗಿಂತ ಹೆಚ್ಚು ಬರುತ್ತಿತ್ತು.

ಮೈಸೂರಿನ ಮಗು

ಈ ಗಾಡಿ ಹೊರಗಿನದಲ್ಲ, ನಮ್ಮ ನಾಡಿನದೇ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಉದ್ಘಾಟನೆ ಮಾಡಿದವರು ಜಯಚಾಮರಾಜೇಂದ್ರ ಒಡೆಯರು. 1970ರ ದಶಕದಲ್ಲಿ ಜಾವಾ ಹೋಗಿ ಹೆಸರು ಯೆಜ್ಡಿ ಆಯಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಲಿವರು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಬೇರೆಯೇ ಗಾಡಿಗಳು. ಅವುಗಳ ಸಾಮಾನು ಇದಕ್ಕೆ ಬಾರದು.

ಹಾಗಾಗಿ ಈಗ ರಸ್ತೆಯಲ್ಲಿರುವ ಹಳೇ ಯೆಜ್ಡಿಗಳಲ್ಲಿ ತೀರ ಕಿರಿಯದಕ್ಕೂ ಮೂವತ್ತರ ಹತ್ತಿರ ಪ್ರಾಯ. ಪಾಯಿಂಟು ಬಿಚ್ಚಿ ನೋಡಬಲ್ಲ ಮೇಸ್ತ್ರಿಗಳಿಗೂ ಕನ್ನಡಕ ಬಂದಿದೆ. ಈಗಿನ ಹುಡುಗರು ಕಲಿತದ್ದು ಪಾಯಿಂಟೇ ಇಲ್ಲದ ಗಾಡಿಗಳನ್ನು. ಅವರ ತಪ್ಪೇನಿದೆ? ಆದ್ದರಿಂದ ಗಾಡಿ ಇಟ್ಟುಕೊಂಡವನೇ ಅರ್ಧ ಮೇಸ್ತ್ರಿ ಆಗಬೇಕು.

ದಾರಿಯಲ್ಲಿ ನಿಂತರೆ ಏನು ಮಾಡಬೇಕು?

ಮೇಸ್ತ್ರಿ ಚಹಾ ಕುಡಿಯುತ್ತಾ ಹೇಳಿದ್ದು ಎಲ್ಲ ಹಳೇ ಗಾಡಿಯವರಿಗೂ ಬೇಕಾದದ್ದು.

ಗಾಡಿ ಓಡಲು ಬೇಕಾದ್ದು ಮೂರು: ಪೆಟ್ರೋಲು, ಕಿಡಿ, ಒತ್ತಡ. ಯಾವುದು ಇಲ್ಲ ಅಂತ ಮೊದಲು ಪತ್ತೆಮಾಡಿ, ಆಮೇಲೆ ಸಾಮಾನಿಗೆ ಕೈ ಹಾಕಿ. ಸುಮ್ಮನೆ ಐವತ್ತು ಕಿಕ್ ಹೊಡೆದರೆ ಎಂಜಿನ್ನಿನಲ್ಲಿ ಪೆಟ್ರೋಲು ತುಂಬಿ ಪ್ಲಗ್ ಒದ್ದೆಯಾಗುತ್ತದೆ, ಅಷ್ಟೆ. ಹಾಗಾಗಿದ್ದರೆ ಕಾಕ್ ಮುಚ್ಚಿ, ಪ್ಲಗ್ ತೆಗೆದು, ಇಗ್ನಿಷನ್ ಆಫ್ ಮಾಡಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ನಾಲ್ಕಾರು ಕಿಕ್ ಹೊಡೆದು ಒಣಗಿಸಬೇಕು.

ಪ್ಲಗ್ಗಿನ ಬಣ್ಣ ಎಂಜಿನ್ನಿನ ನಾಡಿ ಇದ್ದ ಹಾಗೆ. ಕಾಫಿ ಪುಡಿ ಬಣ್ಣ ಇದ್ದರೆ ಆರೋಗ್ಯ. ಕಪ್ಪಾಗಿ ಜಿಡ್ಡಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಎಚ್ಚರ! ಎಲ್ಲೋ ಗಾಳಿ ಸೋರಿ ಎಂಜಿನ್ ಅತಿಯಾಗಿ ಕಾಯುತ್ತಿದೆ, ಪಿಸ್ಟನ್ ಹಿಡಿದುಕೊಳ್ಳುವ ದಿನ ದೂರವಿಲ್ಲ. ಓಡುವಾಗಲೇ ಹಿಡಿದರೆ ತಕ್ಷಣ ಕ್ಲಚ್ ಒತ್ತಿ ಬದಿಗೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಹಿಂದಿನ ಚಕ್ರ ನಿಂತು ನೆಲ ಕಚ್ಚಬೇಕಾಗುತ್ತದೆ. ಎಣ್ಣೆಯ ಲೆಕ್ಕ ತಪ್ಪಬಾರದು. 25ಕ್ಕೆ 1 ಅನ್ನುವುದು ಹಳೇ ಲೆಕ್ಕ, ಅಂದರೆ ಲೀಟರಿಗೆ 40 ಮಿಲಿ.

ಪಾಯಿಂಟಿನ ಸಂದು 0.4 ಮಿಲಿಮೀಟರಿನ ಆಸುಪಾಸು ಇರಬೇಕು. ಬ್ಯಾಟರಿ ಪೂರ್ತಿ ಸತ್ತರೆ ಕಿಡಿಯೇ ಇಲ್ಲ. ಅರೆಜೀವವಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಎಬ್ಬಿಸಬಹುದು. ಓಡುವಾಗಲೂ ಕೆಂಪು ದೀಪ ಆರದಿದ್ದರೆ ಡೈನಮೋ ಚಾರ್ಜು ಮಾಡುತ್ತಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರಿಕೊಳ್ಳಿ. ಹೆಡ್‌ಲೈಟು ಮಂಕಾದರೆ ಮೊದಲು ಅರ್ತ್ ವೈರಿನ ತುಕ್ಕು ತಿಕ್ಕಿ. 6 ವೋಲ್ಟಿನ ಗಾಡಿಗೆ ತುಕ್ಕು ದೊಡ್ಡ ಶತ್ರು, ಮಲೆನಾಡಿನಲ್ಲಿ ಕೇಳಬೇಕೆ? ಫ್ಯೂಸ್ ಹೋಯಿತೆಂದು ಸಿಗರೇಟು ಪ್ಯಾಕಿನ ಬೇಗಡೆ ಸುತ್ತುವವರಿದ್ದಾರೆ. ಅದು ವೈರಿಂಗಿಗೆ ಕೈಯಾರೆ ಬೆಂಕಿ ಇಟ್ಟ ಹಾಗೆ.

ಏರು ಹತ್ತದೆ ಮುಲುಗಿದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿರಬಹುದು. ಒಳಗಿನ ಕೊಳವೆ ತೆಗೆದು ಚೊಕ್ಕಟ ಮಾಡಿ. ಬೆಳ್ಳನೆ ಹೊಗೆ ಬಿಟ್ಟು, ಗೇರ್ ಬಾಕ್ಸಿನ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಸೀಲು ಹೋಗಿದೆ, ಅದು ರಸ್ತೆ ಬದಿಯ ಕೆಲಸವಲ್ಲ. ಚೈನು ಪೂರ್ತಿ ಡಬ್ಬಿಯೊಳಗೆ ಇರುವುದರಿಂದ ಯಾರೂ ಅದನ್ನು ನೋಡುವುದೇ ಇಲ್ಲ. ಕಣ್ಣಿಗೆ ಕಾಣದ್ದು ಸವೆಯುವುದಿಲ್ಲ ಅಂತ ಏನೂ ಇಲ್ಲವಲ್ಲ!

ಹೊಸ ಕಾಲದ ಹೊಸ ತಾಪತ್ರಯ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುತ್ತಾರೆ. ಎಥೆನಾಲ್ ನೀರಿನ ಪಸೆ ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಮಳೆಗಾಲವಿಡೀ ಗಾಡಿ ನಿಲ್ಲಿಸುವವರು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಡಬಾರದು. ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಬೇಕು. ಪೈಪು, ವಾಷರುಗಳನ್ನು ಆಗಾಗ ಮುಟ್ಟಿ ನೋಡಬೇಕು.

ಕಾಗದಪತ್ರದ ಖರ್ಚೂ ಏರಿದೆ. 20 ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಿತು. ಗಾಡಿ ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವ ಲೆಕ್ಕದಲ್ಲಿ ಇದೂ ಸೇರುತ್ತದೆ. ಆದರೆ ಕಂಡೆನ್ಸರ್ ಕೆಟ್ಟಿದ್ದಕ್ಕೆ ಗಾಡಿಯನ್ನೇ ಗುಜರಿಗೆ ಹಾಕುವುದು, ಕಾಲಿಗೆ ಮುಳ್ಳು ಚುಚ್ಚಿತೆಂದು ಆನೆಯನ್ನೇ ಬಿಡಾರದಿಂದ ಓಡಿಸಿದ ಹಾಗೆ.

ಬಿಡಾರದ ಮಾವುತನನ್ನು ನೋಡಿ. ಬೆಳಿಗ್ಗೆ ಎದ್ದು ಆನೆಯ ಪಾದ ನೋಡುತ್ತಾನೆ, ಕಣ್ಣು ನೋಡುತ್ತಾನೆ, ಲದ್ದಿ ನೋಡುತ್ತಾನೆ, ಆಮೇಲೇ ಕೆಲಸಕ್ಕೆ ಕರೆದೊಯ್ಯುತ್ತಾನೆ. ಬಾಯಿಲ್ಲದ ಪ್ರಾಣಿ ಎಲ್ಲಿ ನೋಯುತ್ತದೆ ಅಂತ ಹೇಳುವುದಿಲ್ಲ, ನಾವೇ ಕಂಡುಕೊಳ್ಳಬೇಕು. ಗಾಡಿಯ ಮಾತೂ ಅದೇ.

ಸೋಮವಾರ ಬೆಳಿಗ್ಗೆ ಗುಜರಿಯವನು ತಕ್ಕಡಿ ಸಮೇತ ಬಂದ. ಗಾಡಿ ಮನೆಯಲ್ಲಿರಲಿಲ್ಲ. "ಅಪ್ಪಾಜಿ ಸಾಮಾನು ತರೋಕೆ ಶಿವಮೊಗ್ಗಕ್ಕೆ ಹೋದರು" ಅಂದ ಮಗ. ಆ ಹೊತ್ತಿಗೆ ಯೆಜ್ಡಿ ಸಕ್ರೆಬೈಲು ದಾಟಿ ಗಾಜನೂರಿನ ಕಡೆ ಹೊರಟಿತ್ತು. ಹಿನ್ನೀರಿನಲ್ಲಿ ಆನೆಗಳು ಎಂದಿನಂತೆ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿದ್ದವು. ಸದ್ಯ, ಅವುಗಳ ತಲೆಯ ಮೇಲಿದ್ದ ಅಪವಾದ ಇಳಿಯಿತು.