ಒಂದು ಆಟ ಯಂತ್ರವನ್ನು ಉಳಿಸೀತೆ?

ಜಪಾನಿನ ನಿಂಟೆಂಡೊ ಕಂಪನಿ 2012ರಲ್ಲಿ ‘ವೀ ಯು’ ಎಂಬ ವಿಡಿಯೋ ಗೇಮ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಹಲವರು ಅದನ್ನು ಹಳೆಯ ‘ವೀ’ ಯಂತ್ರದ ಬಿಡಿಭಾಗವೆಂದೇ ತಿಳಿದರು. ಕೊಳ್ಳುವವರು ಕಡಿಮೆಯಾದ್ದರಿಂದ ಹೊರಗಿನ ಕಂಪನಿಗಳು ಅದಕ್ಕೆ ಆಟ ತಯಾರಿಸುವುದನ್ನು ಕೈಬಿಟ್ಟವು. ಆಟಗಳಿಲ್ಲದೆ ಕೊಳ್ಳುವವರು ಇನ್ನೂ ಕಡಿಮೆಯಾದರು.

2014ರ ಮೇನಲ್ಲಿ ಪುಟ್ಟ ಕಾರುಗಳ ಓಟದ ಆಟ ‘ಮಾರಿಯೋ ಕಾರ್ಟ್ 8’ ಬಂತು. ಯಂತ್ರದ ಮಾರಾಟ ಕೆಲಕಾಲ ಚಿಗುರಿತು. ಆಟದ ಸುಮಾರು 84 ಲಕ್ಷ ಪ್ರತಿಗಳು ಖರ್ಚಾದವು. ಆದರೂ 2017ರಲ್ಲಿ ತಯಾರಿಕೆ ನಿಂತಿತು. ಯಂತ್ರದ ಒಟ್ಟು ಮಾರಾಟ ಸುಮಾರು 1.35 ಕೋಟಿ.

ಅದೇ ವರ್ಷ ಅದೇ ಆಟ, ತುಸು ವಿಸ್ತರಿಸಿಕೊಂಡು, ಹೊಸ ‘ಸ್ವಿಚ್’ ಯಂತ್ರಕ್ಕೆ ಬಂದು 6 ಕೋಟಿ ಪ್ರತಿ ದಾಟಿತು. ಅಂದರೆ ಕೊರತೆ ಆಟದ್ದಲ್ಲ. ಒಂದೇ ಮಳೆಗೆ ಕೆರೆ ತುಂಬದು.

ಮಕ್ಕಳು ಒಂದು ಆಟಕ್ಕಾಗಿ ಯಂತ್ರ ಬೇಡಿದರೆ, ಮುಂದೆಯೂ ಅದಕ್ಕೆ ಹೊಸ ಆಟಗಳು ಬರುವವೇ ಎಂದು ಪಾಲಕರು ವಿಚಾರಿಸುವುದು ಒಳಿತು.