ಕಾರಿನಲ್ಲಿ ಜಾಝ್ ಕೇಳ್ಬೇಕಾ? ವ್ಯಾಟ್ಸ್ ನೋಡಿ ಮರುಳಾಗಬೇಡಿ, ಫ್ಯೂಸ್ ಮರೆಯಬೇಡಿ

ಬಂಟ್ವಾಳ: "ಸೌಂಡ್ ಜೋರು ಉಂಟು ಮಾರಾಯಾ. ಆದ್ರೆ ಸ್ಯಾಕ್ಸೋಫೋನ್ ಮಾತ್ರ ಜಾತ್ರೆಯ ಪೀಪಿ ಊದಿದ ಹಾಗೆ ಕೇಳ್ತದೆ. ಎಂತ ಮಾಡುದು?"

ಕಳೆದ ಮಳೆಗಾಲದಲ್ಲಿ ಪೇಟೆಯ ಹಾರ್ಡ್‌ವೇರ್ ಅಂಗಡಿಯ ಅಣ್ಣ ಒಬ್ಬರು ನನ್ನಲ್ಲಿ ಕೇಳಿದ ಪ್ರಶ್ನೆ ಇದು. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟು ಎರಡು ವರ್ಷ ಕಾರ್ ಡೆಕೋರ್ ಅಂಗಡಿಯಲ್ಲಿ ವೈರ್ ಎಳೆದವನು ಅಂತ ಅವರಿಗೆ ಗೊತ್ತಿತ್ತು.

ಈ ಅಣ್ಣ ನಮ್ಮ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ಅಭಿಮಾನಿ. ಕದ್ರಿಯವರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ 'ಕಿನ್ಸ್‌ಮೆನ್' ಆಲ್ಬಂ 2008ರಲ್ಲಿ ಬಂತು. ಅದನ್ನು ಕೇಳಿದ ಮೇಲೆ ಅಣ್ಣನಿಗೆ ಜಾಝ್ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಇಡೀ ದಿನ ಗಿರಾಕಿ, ಮನೆಯಲ್ಲಿ ಟಿವಿ. ಕೇಳ್ಲಿಕ್ಕೆ ಉಳಿದದ್ದು ಕಾರು ಮಾತ್ರ. ಹಾಗಾಗಿ ಹಳೇ ಕಾರಿಗೆ "1000 ವ್ಯಾಟ್ಸ್" ಆಂಪ್ಲಿಫೈಯರ್, ಡಿಕ್ಕಿ ತುಂಬ 12 ಇಂಚಿನ ವೂಫರ್ ಬಾಕ್ಸ್ ಹಾಕಿಸಿದರು.

ತಿಂಗಳು ಕಳೆಯುವ ಮೊದಲೇ ಒಂದು ಸಂಜೆ ಬಾನೆಟ್ ಒಳಗಿಂದ ಹೊಗೆ. ಹಿಂದಿನ ಸೀಟಲ್ಲಿ ಮಕ್ಕಳಿಬ್ಬರು. ಹತ್ತಿರದ ಗ್ಯಾರೇಜಿನ ಹುಡುಗ ಓಡಿ ಬಂದು ಬ್ಯಾಟರಿ ಟರ್ಮಿನಲ್ ಕಳಚಿದ ಕಾರಣ ಕಾರು ಉಳಿಯಿತು. ಬಿಚ್ಚಿ ನೋಡಿದರೆ ಬ್ಯಾಟರಿಯಿಂದ ಆಂಪ್‌ಗೆ ಹೋಗುವ ವೈರ್ ತಗಡಿನ ತೂತಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿತ್ತು. ಫ್ಯೂಸ್ ಹಾಕಿರಲೇ ಇಲ್ಲ.

ದುಡ್ಡೂ ಹೋಯಿತು, ಹಾಡೂ ಸರಿ ಕೇಳಲಿಲ್ಲ, ಜೀವಕ್ಕೂ ಕುತ್ತು. ಹೀಗಾಗದ ಹಾಗೆ ಕಾರಿಗೆ ಸೆಟ್ ಹಾಕಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಜಾಝ್‌ಗೆ ಬೇಕಾದದ್ದು ಜೋರು ಅಲ್ಲ

ಈಗಿನ ಸಿನಿಮಾ ಹಾಡುಗಳು ಹೆಚ್ಚಾಗಿ ಮೊದಲಿಂದ ಕೊನೆವರೆಗೆ ಒಂದೇ ಮಟ್ಟದಲ್ಲಿ ಜೋರಾಗಿರುತ್ತವೆ. ಜಾಝ್ ಹಾಗಲ್ಲ. ಒಂದು ಕಡೆ ಡ್ರಮ್ಮರ್ ಕೋಲಿನ ಬದಲು ಬ್ರಶ್‌ನಲ್ಲಿ ಮೆಲ್ಲಗೆ ಸವರುತ್ತಾನೆ, ಮರುಕ್ಷಣ ಟ್ರಂಪೆಟ್ ಕೂಗಿ ಬರುತ್ತದೆ. ಮೆಲ್ಲಗಿನದು ರಸ್ತೆ ಸದ್ದಲ್ಲಿ ಮುಳುಗಬಾರದು, ಜೋರಿನದು ಕಿವಿಗೆ ಚುಚ್ಚಬಾರದು.

ನಿಂತು ನುಡಿಸುವ ದೊಡ್ಡ ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಸಿಂಬಲ್‌ನ ಝಣಝಣ 10,000 ಹರ್ಟ್ಸ್ ದಾಟುತ್ತದೆ. ಸ್ಯಾಕ್ಸೋಫೋನ್, ಟ್ರಂಪೆಟ್, ಪಿಯಾನೋದ ಮುಖ್ಯ ಭಾಗ ಎಲ್ಲ ನಡುವಿನಲ್ಲಿ. ಬರೀ 'ದಡ್ ದಡ್' ಕೊಡುವ ಸೆಟ್‌ನಲ್ಲಿ ಈ ನಡುವಿನದ್ದೇ ಮುಚ್ಚಿಹೋಗುತ್ತದೆ. ಅಣ್ಣನ ಕಾರಲ್ಲಿ ಆದದ್ದೂ ಅದೇ.

ಅಂಗಡಿಗೆ ಹೋಗುವಾಗ ನಿಮ್ಮ ಹಾಡು ನೀವೇ ತೆಗೆದುಕೊಂಡು ಹೋಗಿ. ಮೈಲ್ಸ್ ಡೇವಿಸ್ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಂನ ಮೊದಲ ಟ್ರ್ಯಾಕ್ ಪರೀಕ್ಷೆಗೆ ಒಳ್ಳೆಯದು. ಶುರುವಲ್ಲಿ ಪಿಯಾನೋ ಮತ್ತು ಬಾಸ್ ಮಾತ್ರ, ಅದೂ ಮೆಲ್ಲಗೆ. ಬಾಸ್‌ನ ಒಂದೊಂದು ಸ್ವರ ಬೇರೆ ಬೇರೆಯಾಗಿ ಕೇಳಿದರೆ ಸ್ಪೀಕರ್ ಪಾಸ್. ಎಲ್ಲ ಸೇರಿ 'ಬೂಂ' ಅಂದರೆ ಫೇಲ್.

ವ್ಯಾಟ್ಸ್ ಲೆಕ್ಕ

ಡ್ಯಾಶ್‌ಬೋರ್ಡ್ ಸ್ಟೀರಿಯೋದ ಡಬ್ಬಿ ಮೇಲೆ "50 ವ್ಯಾಟ್ಸ್ x 4" ಅಂತ ಇರುತ್ತದೆ. ಕಾರಿನ ಬ್ಯಾಟರಿ 12 ವೋಲ್ಟ್, ಸ್ಪೀಕರ್ ಸಾಮಾನ್ಯವಾಗಿ 4 ಓಮ್ಸ್. ಈ ಲೆಕ್ಕದಲ್ಲಿ ಮಾಮೂಲಿ ಸ್ಟೀರಿಯೋದಿಂದ ಒಂದು ಸ್ಪೀಕರ್‌ಗೆ ಶುದ್ಧವಾಗಿ ಸಿಗುವುದು ಸುಮಾರು 18ರಿಂದ 20 ವ್ಯಾಟ್ಸ್ ಅಷ್ಟೇ. ಡಬ್ಬಿ ಮೇಲಿನದು ಒಂದು ಕ್ಷಣಕ್ಕೆ ಮುಟ್ಟುವ ಪೀಕ್ ಅಂಕೆ. ನೀವು ಕೇಳಬೇಕಾದದ್ದು 'ಆರ್‌ಎಂಎಸ್ ಎಷ್ಟು?' ಅಂತ.

ಇನ್ನೊಂದು ಅಂಕೆ ಸ್ಪೀಕರ್‌ನ ಸೆನ್ಸಿಟಿವಿಟಿ, ಡೆಸಿಬೆಲ್‌ನಲ್ಲಿ ಬರೆದಿರುತ್ತದೆ. 3 ಡೆಸಿಬೆಲ್ ಹೆಚ್ಚು ಅಂದರೆ ಅರ್ಧ ಪವರ್‌ನಲ್ಲೇ ಅಷ್ಟೇ ಸದ್ದು. 89 ಡೆಸಿಬೆಲ್ ಸ್ಪೀಕರ್‌ಗೆ 40 ವ್ಯಾಟ್ಸ್ ಬೇಕಾದಲ್ಲಿ 92 ಡೆಸಿಬೆಲ್‌ನದ್ದಕ್ಕೆ 20 ಸಾಕು. ಆಂಪ್ ಹಾಕದೆ ಬರೀ ಸ್ಟೀರಿಯೋದಲ್ಲಿ ನಡೆಸುವವರು ಇದನ್ನು ನೋಡಿಯೇ ತೆಗೆದುಕೊಳ್ಳಿ.

ದುಡ್ಡು ಎಲ್ಲಿ ಹಾಕಬೇಕು

ಹತ್ತು ರೂಪಾಯಿ ಇದ್ದರೆ ಐದು ಮುಂದಿನ ಡೋರ್ ಸ್ಪೀಕರ್‌ಗೆ, ಮೂರು ಡೋರ್ ಡ್ಯಾಂಪಿಂಗ್ ಮತ್ತು ವೈರಿಂಗ್‌ಗೆ, ಉಳಿದ ಎರಡು ಮಾತ್ರ ಬೇರೆಯದಕ್ಕೆ. ಇದು ನನ್ನ ಲೆಕ್ಕ. ಸಂಗೀತಗಾರರು ಎದುರಲ್ಲಿ ಕೂತ ಹಾಗೆ ಕೇಳಬೇಕಾದರೆ ಸದ್ದು ಎದುರಿಂದಲೇ ಬರಬೇಕು.

ಮುಂದಕ್ಕೆ 'ಕಾಂಪೊನೆಂಟ್' ಸೆಟ್ ಒಳ್ಳೆಯದು. ಇದರಲ್ಲಿ ವೂಫರ್ ಡೋರ್ ಕೆಳಗೆ, ಸಣ್ಣ ಟ್ವೀಟರ್ ಮೇಲೆ ಕನ್ನಡಿ ಹತ್ತಿರ. ಸಿಂಬಲ್ ಮೊಣಕಾಲಲ್ಲಿ ಅಲ್ಲ, ಕಿವಿಯ ಎತ್ತರದಲ್ಲಿ ಕೇಳುತ್ತದೆ. ಬಜೆಟ್ ಕಮ್ಮಿ ಇದ್ದರೆ ಎರಡೂ ಒಂದರಲ್ಲೇ ಇರುವ ಕೋಆಕ್ಸಿಯಲ್ ಸಾಕು. ಕೊಳ್ಳುವ ಮೊದಲು ಡೋರ್ ಗ್ಲಾಸ್ ಪೂರ್ತಿ ಇಳಿಸಿ ಸ್ಪೀಕರ್‌ನ ಮ್ಯಾಗ್ನೆಟ್ ತಾಗ್ತದಾ ಅಂತ ನೋಡಿ. ನೋಡದೆ ಹಾಕಿ ಗ್ಲಾಸ್ ಅರ್ಧಕ್ಕೆ ನಿಂತ ಕಾರು ನಾನು ಕಂಡಿದ್ದೇನೆ.

ಸಬ್‌ವೂಫರ್ ಬೇಕೇ ಬೇಕು ಅಂತಿಲ್ಲ. ಡಬಲ್ ಬಾಸ್ ಪೂರ್ತಿ ಕೇಳುವ ಆಸೆ ಇದ್ದರೆ 8 ಅಥವಾ 10 ಇಂಚಿನದು, ತೂತಿಲ್ಲದ ಮುಚ್ಚಿದ ಬಾಕ್ಸ್‌ನಲ್ಲಿ ಹಾಕಿಸಿ. ಸದ್ದು ಕಮ್ಮಿ, ಆದರೆ ಸ್ವರ ಸ್ಪಷ್ಟ.

ಡೋರ್ ಅಂದ್ರೆ ತಗಡಿನ ಡಬ್ಬಿ

ಎಷ್ಟೇ ಒಳ್ಳೆ ಸ್ಪೀಕರ್ ಹಾಕಿದರೂ ತಗಡು ನಡುಗಿದರೆ ಮುಗಿಯಿತು. ಡೋರ್ ಒಳಗಿನ ತಗಡಿಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಬಾಸ್ ಗಟ್ಟಿಯಾಗುತ್ತದೆ, ರಸ್ತೆ ಸದ್ದೂ ಇಳಿಯುತ್ತದೆ. ರಸ್ತೆ ಸದ್ದು ಇಳಿದಷ್ಟೂ ಮೆಲ್ಲಗಿನ ಜಾಗ ಕೇಳ್ತದೆ.

ನಮ್ಮ ಊರಿನ ಮಳೆಗೆ ಒಂದು ಎಚ್ಚರಿಕೆ. ಡೋರ್ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ, ಶೀಟ್ ಅಂಟಿಸುವಾಗ ಅವನ್ನು ಮುಚ್ಚಬಾರದು. ಮುಚ್ಚಿದರೆ ನೀರು ಒಳಗೇ ನಿಂತು ಡೋರ್ ತುಕ್ಕು ಹಿಡಿಯುತ್ತದೆ.

ವೈರಿಂಗ್: ಇಲ್ಲಿ ರಾಜಿ ಬೇಡ

ಕಂಪನಿ ವೈರ್ ಕತ್ತರಿಸಲು ಬಿಡಬೇಡಿ. ನಿಮ್ಮ ಕಾರಿನ ಮಾಡೆಲ್‌ಗೆ ಸರಿಹೊಂದುವ ಕಪ್ಲರ್ ಸಿಗುತ್ತದೆ, ಸಿಕ್ಕಿಸಿದರೆ ಆಯಿತು. ಹೊಸ ಕಾರಾದರೆ ಕತ್ತರಿಸಿದ ವೈರ್ ವಾರಂಟಿಗೆ ತಕರಾರು ತರಬಹುದು.

ಸ್ಟೀರಿಯೋದ ಹಳದಿ ವೈರ್ ಸದಾ ಕರೆಂಟ್‌ಗೆ, ಕೆಂಪು ಕೀ ತಿರುಗಿಸಿದಾಗ ಬರುವ ಕರೆಂಟ್‌ಗೆ, ಕಪ್ಪು ಅರ್ಥ್‌ಗೆ. ಹಳದಿ, ಕೆಂಪು ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟರೆ ಕಾರು ನಿಂತಾಗಲೂ ಸ್ಟೀರಿಯೋ ಬ್ಯಾಟರಿ ಹೀರುತ್ತಿರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ.

ಆಂಪ್ ಹಾಕಿಸುವವರು ಇಷ್ಟು ಕಣ್ಣಾರೆ ನೋಡಿ:

- ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಬೇಕು. ಆಂಪ್ ಹತ್ತಿರ ಹಾಕಿದರೆ ಸಾಲದು. ಫ್ಯೂಸ್ ಕಾಪಾಡುವುದು ತನ್ನಿಂದ ಮುಂದಿನ ವೈರನ್ನು.
- ವೈರ್ ತಗಡು ದಾಟುವಲ್ಲಿ ರಬ್ಬರ್ ಬುಷ್ ಬೇಕೇ ಬೇಕು.
- ವೈರ್ ಪೂರ್ತಿ ತಾಮ್ರವೇ? ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರದಷ್ಟು ಕರೆಂಟ್ ತಾಳುವುದಿಲ್ಲ, ಬೇಗ ಬಿಸಿಯಾಗುತ್ತದೆ.
- ಅರ್ಥ್ ವೈರ್ ಬಾಡಿಗೆ ಬಿಗಿಯುವಲ್ಲಿ ಪೇಂಟ್ ಕೆರೆದಿರಬೇಕು.
- ಪವರ್ ವೈರ್ ಕಾರಿನ ಒಂದು ಬದಿ, ಹಾಡಿನ ಸಿಗ್ನಲ್ ಕೇಬಲ್ ಇನ್ನೊಂದು ಬದಿ. ಒಟ್ಟಿಗೆ ಎಳೆದರೆ ಎಕ್ಸಲರೇಟರ್ ಕೊಟ್ಟ ಹಾಗೆ 'ಕುಂಯ್' ಸದ್ದು ಬರಬಹುದು.

ಕೊನೆಗೆ ಸೆಟ್ಟಿಂಗ್

ಬಾಸ್ ಪೊಳ್ಳು ಅನ್ನಿಸಿದರೆ ಒಂದು ಸ್ಪೀಕರ್‌ನ ಪ್ಲಸ್, ಮೈನಸ್ ಅದಲುಬದಲು ಆಗಿರಬಹುದು. ಸ್ಟೀರಿಯೋದಿಂದ ಸ್ಪೀಕರ್ ವೈರ್ ಬಿಚ್ಚಿ, ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಎರಡೂ ಕಡೆಯ ವೂಫರ್ ಹೊರಕ್ಕೆ ಬರಬೇಕು. ಒಂದು ಒಳಕ್ಕೆ ಹೋದರೆ ಅಲ್ಲಿ ವೈರ್ ತಿರುಗಿಸಿ ಹಾಕಿ.

'ಲೌಡ್‌ನೆಸ್', 'ಬಾಸ್ ಬೂಸ್ಟ್' ಆಫ್ ಮಾಡಿ. ಸಬ್‌ವೂಫರ್ ಇದ್ದರೆ ಡೋರ್ ಸ್ಪೀಕರ್‌ಗಳಿಗೆ 80 ಹರ್ಟ್ಸ್‌ಗಿಂತ ಕೆಳಗಿನದು ಹೋಗದ ಹಾಗೆ ಹೈಪಾಸ್ ಇಡಿ. 'ಟೈಮ್ ಅಲೈನ್‌ಮೆಂಟ್' ಇದ್ದರೆ ಬಳಸಿ. ನಮ್ಮಲ್ಲಿ ಡ್ರೈವರ್ ಬಲಕ್ಕೆ ಕೂರುವ ಕಾರಣ ಬಲದ ಸದ್ದು ಮೊದಲು ಕಿವಿಗೆ ತಲುಪುತ್ತದೆ. ಸದ್ದು 1 ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಎಡದ ಸ್ಪೀಕರ್ ಅರ್ಧ ಮೀಟರ್ ದೂರ ಇದ್ದರೆ ಬಲದ್ದನ್ನು ಒಂದೂವರೆ ಮಿಲಿಸೆಕೆಂಡ್ ತಡ ಮಾಡಿ. ಆಗ ಸ್ಯಾಕ್ಸೋಫೋನ್ ಬಲ ಮೊಣಕಾಲು ಬಿಟ್ಟು ಡ್ಯಾಶ್‌ಬೋರ್ಡ್ ನಡುವಿಗೆ ಬರ್ತದೆ.

ಹಾಡಿನ ಫೈಲ್ ಚೆನ್ನಾಗಿರಲಿ. ಫ್ಲ್ಯಾಕ್ ಅಥವಾ 320 ಕೆಬಿಪಿಎಸ್ ಎಂಪಿ3 ಪೆನ್‌ಡ್ರೈವ್‌ಗೆ ಹಾಕಿ. ಫ್ಲ್ಯಾಕ್ ಓಡಿಸ್ತದಾ ಅಂತ ಸ್ಟೀರಿಯೋ ಕೊಳ್ಳುವಾಗಲೇ ಕೇಳಿ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಬಂದ ಹಾಡಿಗೆ ಯಾವ ಸ್ಪೀಕರೂ ಜೀವ ಕೊಡುವುದಿಲ್ಲ. ವಾಲ್ಯೂಮ್ ಎಷ್ಟಿದ್ದರೂ ಹಿಂದಿನ ಆಂಬ್ಯುಲೆನ್ಸ್, ಎದುರಿನ ಬಸ್ಸಿನ ಹಾರ್ನ್ ಕೇಳಲೇಬೇಕು.

ಅಣ್ಣನ ಕಾರು ಈಗ

ಅಣ್ಣ ಆ ದೊಡ್ಡ ಬಾಕ್ಸ್ ತೆಗೆಸಿದರು. ಆಂಪ್ ಕೂಡ ತೆಗೆದಿಟ್ಟರು. ಮುಂದಿನ ಎರಡು ಡೋರ್‌ಗೆ ಡ್ಯಾಂಪಿಂಗ್ ಶೀಟ್, ಒಂದು ಜೊತೆ ಕಾಂಪೊನೆಂಟ್ ಸ್ಪೀಕರ್, ಸರಿಯಾದ ಕಪ್ಲರ್. ಅಷ್ಟೇ. ಖರ್ಚು ಮೊದಲಿನದರ ಅರ್ಧವೂ ಆಗಲಿಲ್ಲ.

ಮೊನ್ನೆ ಅಂಗಡಿ ಮುಚ್ಚಿದ ಮೇಲೆ ಬಿ.ಸಿ.ರೋಡ್‌ವರೆಗೆ ಅವರ ಜೊತೆ ಹೋದೆ. ಡ್ರಮ್‌ನ ಬ್ರಶ್ ಸವರುವುದು ಹಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳ್ತಿತ್ತು. "ಈಗ ವಾಲ್ಯೂಮ್ 12 ದಾಟುದೇ ಇಲ್ಲ ಮಾರಾಯಾ," ಅಂದರು. ಹಿಂದಿನ ಸೀಟಲ್ಲಿ ಸಣ್ಣವಳು ನಿದ್ದೆ ಹೋಗಿದ್ದಳು.

ನೀವು ಹಾಕಿಸುವುದಾದರೆ ದುಡ್ಡು ಕೊಡುವ ಮೊದಲು ಅಂಗಡಿಯವರಲ್ಲಿ ನಾಲ್ಕು ಮಾತು ಕೇಳಿ: ಆರ್‌ಎಂಎಸ್ ಎಷ್ಟು, ಕಪ್ಲರ್ ಹಾಕ್ತೀರಾ, ಫ್ಯೂಸ್ ಎಲ್ಲಿ ಹಾಕಿದ್ದೀರಿ, ಬಿಲ್ ಕೊಡ್ತೀರಾ. ನಾಲ್ಕಕ್ಕೂ ನೇರ ಉತ್ತರ ಕೊಟ್ಟವರಲ್ಲಿ ಮಾತ್ರ ಕೆಲಸ ಮಾಡಿಸಿ.