ಚಿನಾಬಿನ ಕಮಾನು, ಕುಂಡಮಳಾದ ಕಬ್ಬಿಣ

2025ರ ಜೂನ್ 6ರಂದು ಜಮ್ಮು–ಕಾಶ್ಮೀರದ ರಿಯಾಸಿ ಜಿಲ್ಲೆಯಲ್ಲಿ ಚಿನಾಬ್ ರೈಲು ಸೇತುವೆ ಉದ್ಘಾಟನೆಯಾಯಿತು. ನದಿಯ ತಳದಿಂದ 359 ಮೀಟರ್ ಎತ್ತರದಲ್ಲಿ ರೈಲು ಹಳಿ, ಅದನ್ನು ಹೊತ್ತ 467 ಮೀಟರ್ ಉದ್ದದ ಒಂದೇ ಉಕ್ಕಿನ ಕಮಾನು. ಪ್ರಧಾನಿ ತ್ರಿವರ್ಣ ಧ್ವಜ ಹಿಡಿದು ಅದರ ಮೇಲೆ ನಡೆದುದನ್ನು ದೇಶವೆಲ್ಲ ನೋಡಿತು. ಅದಾದ ಒಂಬತ್ತನೇ ದಿನ, ಜೂನ್ 15ರ ಭಾನುವಾರ ಮಧ್ಯಾಹ್ನ, ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಕುಸಿದುಬಿತ್ತು. ಮಳೆಗಾಲದ ಹೊಳೆ ನೋಡಲು ಬಂದವರು ಅದರ ಮೇಲೆ ಕಿಕ್ಕಿರಿದಿದ್ದರು. ಅವರ ನಡುವೆಯೇ ದ್ವಿಚಕ್ರ ವಾಹನಗಳೂ ನುಗ್ಗಿದ್ದವು. ನಾಲ್ವರು ಸತ್ತರು, ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ದೇಶದ ಶಕ್ತಿಯನ್ನು ಸೇತುವೆಯಿಂದ ಅಳೆಯುವುದಾದರೆ ಈ ಎರಡನ್ನೂ ಒಟ್ಟಿಗೆ ಅಳೆಯಬೇಕು. ಹಾಗೆ ಅಳೆಯಲು ಪುಣೆಗಿಂತ ತಕ್ಕ ಊರು ಇನ್ನೊಂದಿಲ್ಲ.

ಗೆದ್ದವರು ಸೇತುವೆಗೆ ತಮ್ಮ ಹೆಸರಿಡುವುದು ಹಳೆಯ ವಾಡಿಕೆ; ಪುಣೆಯೂ ಅದನ್ನು ಕಂಡಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. 1804ರಲ್ಲಿ ಮುಗಿದ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಸೈನ್ಯದೊಡನೆ ಪುಣೆಗೆ ಬಂದು, ಎರಡನೇ ಬಾಜಿರಾಯನನ್ನು ಮತ್ತೆ ಪೇಶ್ವೆಯ ಗಾದಿಗೆ ಏರಿಸಿದ. ಮುಳಾ–ಮುಠಾ ಸಂಗಮದ ಬಳಿ ಮುಂದೆ ಎದ್ದ ಸೇತುವೆಗೆ ಈ ತಮ್ಮನ ಹೆಸರು ಬಂತು. ಅಣ್ಣತಮ್ಮಂದಿರ ಹೆಸರು ಎರಡು ಸೋತ ರಾಜಧಾನಿಗಳ ಎರಡು ಸೇತುವೆಗಳ ಮೇಲೆ ಕೂತಿತು. ಪುಣೆಯಲ್ಲಿ ಇಂದು ಎಲ್ಲರಿಗೂ ಅದು ಸಂಗಮ ಸೇತುವೆ. ಶ್ರೀರಂಗಪಟ್ಟಣದ ಹಳೆಯ ಕಲ್ಲಿನ ಕಂಬಗಳು ಎರಡು ಶತಮಾನಗಳ ಕಾವೇರಿ ಪ್ರವಾಹವನ್ನು ತಡೆದು ಇನ್ನೂ ನಿಂತಿವೆ.

ಸ್ವತಂತ್ರ ಭಾರತದ ಸೇನೆ ಸೇತುವೆ ಕಟ್ಟುವುದನ್ನು ಕಲಿಯುವ ಊರೂ ಪುಣೆಯೇ. ದಾಪೋಡಿಯಲ್ಲಿ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿದೆ, ಖಡ್ಕಿಯಲ್ಲಿ ಸೇನಾ ಎಂಜಿನಿಯರ್‌ಗಳ ಪಡೆಯಾದ ಬಾಂಬೆ ಸ್ಯಾಪರ್ಸ್ ಕೇಂದ್ರವಿದೆ, ದಿಘಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಂಜಿನಿಯರಿಂಗ್ ಪ್ರಯೋಗಾಲಯವಿದೆ. ದಿಘಿಯಲ್ಲಿ ರೂಪುಗೊಂಡ ‘ಸರ್ವತ್ರ’ ಸೇತುವೆ ಲಾರಿಯ ಬೆನ್ನ ಮೇಲೆ ಮಡಚಿಕೊಂಡು ಬರುತ್ತದೆ. ನದಿ ಅಥವಾ ಕಾಲುವೆಯ ದಡದಲ್ಲಿ ಲಾರಿ ನಿಂತರೆ, ಮಡಿಕೆ ಕತ್ತರಿಯಂತೆ ತೆರೆದುಕೊಂಡು 15 ಮೀಟರ್ ಉದ್ದದ ಅಲ್ಯೂಮಿನಿಯಂ ಸೇತುವೆ ಮುಂದೆ ಚಾಚಿಕೊಳ್ಳುತ್ತದೆ. ಕಾಲೂರಿ ನಿಂತ ಒಂದರ ತುದಿಗೆ ಇನ್ನೊಂದು, ಅದರ ತುದಿಗೆ ಮತ್ತೊಂದು ಸೇರಿ ಐದು ಲಾರಿಗಳಲ್ಲಿ 75 ಮೀಟರ್ ಆಗುತ್ತದೆ. ಅದರ ಮೇಲೆ ಟ್ಯಾಂಕು ದಾಟುತ್ತದೆ. ಇದನ್ನು ತಯಾರಿಸುವುದು ನಮ್ಮ ಬೆಂಗಳೂರಿನ ಬಿಇಎಂಎಲ್. 1965ರ ಯುದ್ಧದಲ್ಲಿ ಲಾಹೋರಿನ ಹೊರವಲಯದ ಇಚ್ಛೋಗಿಲ್ ಕಾಲುವೆ ನಮ್ಮ ಸೇನೆಗೆ ಎಂಥ ಅಡ್ಡಿಯಾಗಿತ್ತೆಂದು ಬಲ್ಲವರಿಗೆ, ಒಂದು ಕಾಲುವೆ ದಾಟುವ ಸಾಮರ್ಥ್ಯಕ್ಕೆ ಎಷ್ಟು ಬೆಲೆಯಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಖಡ್ಕಿಯ ಮಾತು ಬಂದಾಗ ಕಾರವಾರದ ರಾಮ ರಾಘೋಬ ರಾಣೆ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕಾರವಾರ ತಾಲ್ಲೂಕಿನ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ರಾಣೆ, 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿದರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯತ್ತ ಹೊರಟ ಟ್ಯಾಂಕುಗಳಿಗೆ ದಾರಿ ಬಿಡಿಸುವ ಹೊಣೆ ಅವರದಾಗಿತ್ತು. ದಾರಿಯುದ್ದಕ್ಕೂ ನೆಲಬಾಂಬು, ಅಡ್ಡಗಟ್ಟಿದ ಮರ, ಮೇಲಿನಿಂದ ಗುಂಡಿನ ಸುರಿಮಳೆ. ಗಾಯಗೊಂಡಿದ್ದರೂ ಅವರು ಮುಂಚೂಣಿಯ ಟ್ಯಾಂಕಿನ ಅಡಿಗೆ ತೆವಳಿ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತಾ ಸಾಗಿದರು. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು ಅವರು. 1994ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಸೇನೆ ಮುಂದಕ್ಕೆ ಹೋಗಬೇಕಾದರೆ ಎಂಜಿನಿಯರ್ ಅದಕ್ಕಿಂತ ಮೊದಲು ಹೋಗಿರಬೇಕು. ಆ ಮಾತನ್ನು ಈ ನೆಲದ ಮಗ ಮೈಯೊಡ್ಡಿ ತೋರಿಸಿದರು.

ಇದೇ ಸ್ಯಾಪರ್‌ಗಳನ್ನು ಊರ ನಡುವಿನ ಕೆಲಸಕ್ಕೂ ಕರೆಯಬೇಕಾಗಿ ಬಂತು. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಮಂದಿ ಸತ್ತರು. ಆಮೇಲೆ ಅಲ್ಲಿ ಹೊಸ ಪಾದಚಾರಿ ಸೇತುವೆ ಕಟ್ಟಿದವರು ಸೇನೆಯ ಎಂಜಿನಿಯರ್‌ಗಳು. 2018ರ ಫೆಬ್ರುವರಿಯಲ್ಲಿ ಅದು ಜನರಿಗೆ ತೆರೆಯಿತು. 2024ರ ವಯನಾಡಿನ ಭೂಕುಸಿತದಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಚೂರಲ್‌ಮಲದಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ 190 ಅಡಿ ಉದ್ದದ ಬೈಲಿ ಸೇತುವೆ ಎತ್ತಿ ನಿಲ್ಲಿಸಿದರು. ಜುಲೈ 31ರ ರಾತ್ರಿ ಶುರುವಾದ ಕೆಲಸ ಆಗಸ್ಟ್ 1ರ ಸಂಜೆಗೆ ಮುಗಿದಿತ್ತು. ವಯನಾಡಿನದು ಆಪತ್ತಿನ ಕಾಲ, ಅಲ್ಲಿ ಸೇನೆ ಬರಬೇಕಾದದ್ದೇ. ಆದರೆ ದಿನವೂ ಲಕ್ಷಾಂತರ ಜನ ಓಡಾಡುವ ಮಹಾನಗರದ ರೈಲು ನಿಲ್ದಾಣಕ್ಕೆ ಒಂದು ಕಾಲುಸೇತುವೆ ಕಟ್ಟಲು ಸೈನಿಕರನ್ನು ಕರೆಸಿದ್ದನ್ನು ನಾನು ಹೆಮ್ಮೆಯ ಲೆಕ್ಕಕ್ಕೆ ಸೇರಿಸಲಾರೆ.

ಚಿನಾಬ್ ಸೇತುವೆಯ ಬಗ್ಗೆ ನನಗೆ ಹೆಮ್ಮೆಯಿದೆ. ಅದು ಬರಿಯ ಪ್ರದರ್ಶನವಲ್ಲ. ಗಂಟೆಗೆ 266 ಕಿಲೋಮೀಟರ್ ವೇಗದ ಗಾಳಿಯನ್ನು ತಡೆಯುವ ಲೆಕ್ಕ ಹಾಕಿ, ಸ್ಫೋಟವನ್ನೂ ತಾಳಿಕೊಳ್ಳುವಂತೆ ಡಿಆರ್‌ಡಿಒ ಸಲಹೆ ಪಡೆದು ಅದನ್ನು ಕಟ್ಟಿದ್ದಾರೆ. ಬಿರುಕು ಬಿಟ್ಟ ಬಂಡೆಗಳ ಕಡಿದಾದ ಇಳಿಜಾರಿನಲ್ಲಿ ಅದರ ಪಾದಗಳು ಜಾರದಂತೆ ನೋಡಿಕೊಂಡವರು ಬೆಂಗಳೂರಿನ ಐಐಎಸ್‌ಸಿಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ. ಈ ಕೆಲಸಕ್ಕೆ ಅವರು ಹದಿನೇಳು ವರ್ಷ ಕೊಟ್ಟರು. ಅಗೆದಂತೆಲ್ಲ ಬಂಡೆಯ ನಿಜರೂಪ ಬೇರೆಯಾಗಿ ಕಾಣುತ್ತಿತ್ತು, ಅದಕ್ಕೆ ತಕ್ಕಂತೆ ವಿನ್ಯಾಸವನ್ನೂ ಬದಲಿಸುತ್ತಾ ಹೋಗಬೇಕಾಯಿತು. ಎತ್ತರವೊಂದೇ ಅಳತೆಯಾದರೆ, ಚೀನಾದ ಗ್ವಿಝೌ ಪ್ರಾಂತ್ಯದಲ್ಲಿ 2025ರ ಸೆಪ್ಟೆಂಬರಿನಲ್ಲಿ ತೆರೆದ ಹುವಾಜಿಯಾಂಗ್ ಸೇತುವೆ ನದಿಯಿಂದ 625 ಮೀಟರ್ ಎತ್ತರದಲ್ಲಿದೆ. ಎತ್ತರದ ಪೈಪೋಟಿಗೆ ಕೊನೆಯೆಂಬುದಿಲ್ಲ. ಹದಿನೇಳು ವರ್ಷ ಒಂದೇ ಇಳಿಜಾರಿನ ಮೇಲೆ ಕಣ್ಣಿಟ್ಟು ಕೂತ ಆ ತಾಳ್ಮೆಯನ್ನೇ ನಾನು ಶಕ್ತಿ ಎಂದು ಕರೆಯುತ್ತೇನೆ.

ಕುಂಡಮಳಾಕ್ಕೆ ಸಿಗದೆ ಹೋದದ್ದು ಆ ಕಣ್ಣು. ಸೇತುವೆ ಶಿಥಿಲವಾಗಿದೆ ಎಂದು ಗೊತ್ತಿತ್ತು. ಎಚ್ಚರಿಕೆಯ ಫಲಕವೂ ಇತ್ತು. ಹೊಸ ಸೇತುವೆಗೆ ಮಂಜೂರಾತಿ ಸಿಕ್ಕಿತ್ತು, ಕೆಲಸ ಶುರುವಾಗಿರಲಿಲ್ಲ. ಇದೇ ಇಂದ್ರಾಯಣಿ ಅಲ್ಲಿಂದ ಕೆಳಗೆ ಹರಿದು ದೇಹು ದಾಟಿ ಆಳಂದಿಗೆ ಬರುತ್ತದೆ. ಆಳಂದಿಯಿಂದ ದಿಘಿಗೆ ಕೆಲವೇ ಕಿಲೋಮೀಟರ್. ಟ್ಯಾಂಕು ದಾಟುವ ಸೇತುವೆಯನ್ನು ರೂಪಿಸುವ ಜ್ಞಾನ ಅಷ್ಟು ಹತ್ತಿರದಲ್ಲಿದ್ದೂ, ಜನ ದಾಟುವ ಸೇತುವೆಗೆ ಒದಗಲಿಲ್ಲ.

ನಮ್ಮ ಕಡೆಯೂ ಬೇರೆಯಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಹೆದ್ದಾರಿ ಸೇತುವೆ ಕುಸಿಯಿತು. ನೀರಿಗೆ ಬಿದ್ದ ಲಾರಿಯ ಚಾಲಕ ಬದುಕುಳಿದರು. ಹಗಲಾಗಿದ್ದರೆ ಏನಾಗುತ್ತಿತ್ತೋ. ದಾರಿ ಬಿಡಿಸಿ ಪರಮವೀರ ಚಕ್ರ ಪಡೆದವರ ಊರು ಅದು. ಅದಕ್ಕೂ ಮೊದಲು ಮಹಾರಾಷ್ಟ್ರದ ಮಹಾಡಿನಲ್ಲಿ ಸಾವಿತ್ರಿ ನದಿಯ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹದಲ್ಲಿ ಕೊಚ್ಚಿಹೋಗಿ, ಬಸ್ಸುಗಳು ಪ್ರಯಾಣಿಕರ ಸಮೇತ ನದಿಪಾಲಾದವು. ಹೊಸ ಸೇತುವೆಯನ್ನು ಮಾತ್ರ ಒಂದು ವರ್ಷದೊಳಗೆ ಕಟ್ಟಿದರು. ಅಂದರೆ ದುಡ್ಡೂ ಇತ್ತು, ಜನರೂ ಇದ್ದರು, ಕೌಶಲವೂ ಇತ್ತು. ಇವೆಲ್ಲ ಸಾವಿಗೆ ಮೊದಲೇ ಒಟ್ಟುಗೂಡಬೇಕಿತ್ತು.

ಸೇನೆಯ ಸೇತುವೆಯಿಂದ ಕಲಿಯಬೇಕಾದ ಒಂದು ಸಣ್ಣ ಸಂಗತಿಯಿದೆ. ಅದರ ಬಾಯಲ್ಲಿ ಹಳದಿ ಬಣ್ಣದ ದುಂಡು ಫಲಕದ ಮೇಲೆ ಒಂದು ಸಂಖ್ಯೆ ಇರುತ್ತದೆ, ಸೇತುವೆ ಹೊರುವ ಭಾರದ ವರ್ಗ ಅದು. ವಾಹನಕ್ಕೂ ಅಂಥದೇ ಸಂಖ್ಯೆ. ವಾಹನದ ಸಂಖ್ಯೆ ದೊಡ್ಡದಾದರೆ ಅದು ಸೇತುವೆ ಹತ್ತುವುದಿಲ್ಲ, ಕಾವಲಿನವನು ಹತ್ತಗೊಡುವುದಿಲ್ಲ. ಕುಂಡಮಳಾದಲ್ಲಿ ಫಲಕವಿದ್ದೂ ಜನ ಹತ್ತಿದರು, ಏಕೆಂದರೆ ತಡೆಯುವವರಿರಲಿಲ್ಲ, ಆಚೆ ದಡದವರಿಗೆ ಹತ್ತಿರದ ಬೇರೆ ದಾರಿಯೂ ಇರಲಿಲ್ಲ. ದಾರಿಯಿಲ್ಲದ ಕಷ್ಟ ನಮ್ಮಲ್ಲೂ ಇತ್ತು: ಲಿಂಗನಮಕ್ಕಿ ಜಲಾಶಯದಿಂದಾಗಿ ದಾರಿ ಕಳೆದುಕೊಂಡ ಶರಾವತಿ ಹಿನ್ನೀರಿನ ಜನ ಆರು ದಶಕ ಲಾಂಚ್‌ಗೆ ಕಾದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಅವರಿಗೆ ಸಿಕ್ಕಿತು. ಅದು ದೇಶದ ಉದ್ದದ ಕೇಬಲ್ ಸೇತುವೆಗಳಲ್ಲೊಂದು. ದೊಡ್ಡ ಎಂಜಿನಿಯರಿಂಗ್ ಸಣ್ಣ ಊರಿಗೆ ತಲುಪಬಲ್ಲದು ಎಂಬುದಕ್ಕೆ ಈ ಸೇತುವೆಯೇ ಸಾಕ್ಷಿ.

ಪ್ರತಿ ಸೇತುವೆಯ ಎರಡೂ ತುದಿಯಲ್ಲಿ ಮೂರು ಸಾಲು ಬರೆಸಬೇಕು: ಎಷ್ಟು ಭಾರ ಹೊರಬಲ್ಲದು, ಕೊನೆಯ ಬಾರಿ ಯಾವಾಗ ಪರೀಕ್ಷಿಸಿದರು, ಹೊಣೆ ಯಾವ ಅಧಿಕಾರಿಯದು. ಸರ್ಕಾರ ತಾನಾಗಿ ಬರೆಸುವವರೆಗೆ ಕಾಯಬೇಕಿಲ್ಲ. ನಿಮ್ಮೂರಿನ ಹಳೆಯ ಸೇತುವೆಯ ಕೊನೆಯ ತಪಾಸಣಾ ವರದಿ ಕೊಡಿ ಎಂದು ಲೋಕೋಪಯೋಗಿ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು ಮೂವತ್ತು ದಿನ. ಮಳೆಗಾಲಕ್ಕೆ ಮುಂಚೆಯೇ ಹಾಕಿ.